ಎತ್ತಿ ತಿರುಗಿಸಿದರೆ ನಿಲ್ಲುತ್ತದೆ

ನಿಂತ ಸೈಕಲ್ಲಿನ ಬ್ರೇಕನ್ನು ಒಮ್ಮೆ ಹಿಡಿದು, ಬಿಟ್ಟು, "ಚಲೋನೇ ಇದೆಯಲ್ಲ ಮಾರಾಯ್ರೆ" ಎನ್ನುವವರನ್ನು ಕಂಡರೆ ಈಚೆಗೆ ನನಗೆ ಮೈ ಉರಿಯುತ್ತದೆ. ನಿಂತಿರುವುದನ್ನು ನಿಲ್ಲಿಸಲು ಬ್ರೇಕ್ ಯಾಕೆ? ಅದಕ್ಕೆ ಸ್ಟ್ಯಾಂಡ್ ಇದೆ. ಆದರೂ ನಮ್ಮ ಶಿರಸಿಯಲ್ಲಿ ನನ್ನ ಸೈಕಲ್ಲಿನ ಬ್ರೇಕ್ ನೋಡಿದವರೆಲ್ಲ ನೋಡಿದ್ದು ಹೀಗೇ. ಜಗುಲಿಯ ಪಕ್ಕ, ಮಾಡಿನ ಅಡಿ, ಒಣಗಿದ ನೆಲದ ಮೇಲೆ. ಪಕ್ಕದ ಮನೆಯ ನಿವೃತ್ತ ಮಾಸ್ತರು ಹಾಗೇ ಹಿಡಿದು ನೋಡಿ ಪಾಸು ಮಾಡಿದರು. ಆಸರಿಗೆ ಕುಡಿಯುತ್ತ ಕೂತಿದ್ದ ಭಾವ ಲೋಟ ಕೆಳಗಿಡದೆ ಒಂದೇ ಕೈಯಲ್ಲಿ ಪಾಸು ಮಾಡಿದ. ಪೇಪರ್ ಹಾಕುವ ಹುಡುಗನಂತೂ, "ನಮ್ದಕ್ಕಿಂತ ಚಲೋ ಇದೆ ಸರ್" ಎಂದು ಡಿಸ್ಟಿಂಕ್ಷನ್ನೇ ಕೊಟ್ಟ.

ಇವರಲ್ಲಿ ಒಬ್ಬರೂ ಜುಲೈ ತಿಂಗಳ ಬೆಳಿಗ್ಗೆ, ಧೋ ಎಂದು ಸುರಿಯುವಾಗ, ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಅದರ ಮೇಲೆ ಕೂತವರಲ್ಲ. ಕೂತಿದ್ದರೆ ರಿಸಲ್ಟು ಬೇರೆ ಬರುತ್ತಿತ್ತು.

ಶಿರಸಿಯವರಿಗೆ ಇಳಿಜಾರಿನ ಬಗ್ಗೆ ಹೇಳಬೇಕಾಗಿಲ್ಲ. ಇಲ್ಲಿ ಎಲ್ಲಿಂದ ಎಲ್ಲಿಗೆ ಹೋಗುವುದಿದ್ದರೂ ನಡುವೆ ಒಂದು ಏರು, ಒಂದು ಇಳುಕಲು ಇದ್ದೇ ಇರುತ್ತದೆ. ಏರಿನಲ್ಲಿ ಇಳಿದು ತಳ್ಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಇಳುಕಲಿನಲ್ಲಿ ಇಳಿದು ತಳ್ಳಿದರೆ ಮಾತ್ರ ಎದುರಿಗೆ ಸಿಕ್ಕವರೆಲ್ಲ, "ಪಂಚರ್ ಆಯ್ತಾ?" ಎನ್ನುತ್ತಾರೆ. ಇಲ್ಲ, ಬ್ರೇಕ್ ಹಿಡಿಯುವುದಿಲ್ಲ ಎಂದರೆ ಮುಗಿಯಿತು. ಅಲ್ಲೇ ನಿಂತು, ಕೈ ಹಾಕಿ, ಹಿಡಿದು ನೋಡಿ, "ಹಿಡೀತದಲ್ಲ!" ಎನ್ನುತ್ತಾರೆ.

ಸೈಕಲ್ಲಿನ ಕುಲಗೋತ್ರ ಹೇಳಿಬಿಡುತ್ತೇನೆ. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ, 1970ರ ದಶಕದ ರ‍್ಯಾಲಿ ಸೈಕಲ್ಲು. ನಮ್ಮ ಅಜ್ಜಂದಿರು ಹೊಡೆಯುತ್ತಿದ್ದ ರಾಡ್ ಬ್ರೇಕಿನ ಕರೀ ರ‍್ಯಾಲಿ ಅಲ್ಲ. ಇದು ರೇಸಿಂಗ್ ಜಾತಿಯದು. ಬಾಗಿದ ಹ್ಯಾಂಡಲ್ಲು, ಹತ್ತು ಗೇರು, ತೆಳ್ಳಗಿನ ಟಯರು, ಮುಂದೆ ಕೊಕ್ಕರೆ ತಲೆಯ ಬಿಲ್ಲೆ. ಕೇರಿಯ ಮಕ್ಕಳು ಅದನ್ನು ಕರೆಯುವುದು ಕೊಂಬಿನ ಸೈಕಲ್ಲು ಎಂದು. ನನ್ನ ಸೋದರಮಾವ ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಯಾರಿಂದಲೋ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದ. ಆಗ ಕುಮಟಾಕ್ಕೆ ರೈಲು ಎಲ್ಲಿತ್ತು? ಕೊಂಕಣ ರೈಲು ಪೂರ್ತಿ ದಾರಿ ಓಡಲು ಶುರುವಾದದ್ದೇ 1998ರಲ್ಲಿ. ಅಡಿಕೆ ಇಳಿಸಿ ಖಾಲಿ ಬರುವ ಲಾರಿಯಲ್ಲಿ ಹಗ್ಗ ಬಿಗಿದು ಊರಿಗೆ ಕಳಿಸಿದನಂತೆ. ಅಷ್ಟು ದೂರ ಬಂದರೂ ಪೆಟ್ಟಾದದ್ದು ಒಂದು ಪೆಡಲ್ಲಿಗೆ ಮಾತ್ರ.

ಬ್ರೇಕು ವೈನ್‌ಮನ್ ಕಂಪನಿಯ ಸೆಂಟರ್‌ಪುಲ್. ಆ ಕಾಲಕ್ಕೆ ಒಳ್ಳೆಯ ಮಾಲೇ. ಲಿವರ್ ಹಿಡಿದರೆ ಮೇಲಿನ ವಾಯರು ಒಂದು ಕೊಕ್ಕೆಯನ್ನು ಎಳೆಯುತ್ತದೆ. ಕೊಕ್ಕೆ ಇನ್ನೊಂದು ತುಂಡು ವಾಯರನ್ನು ಎಳೆಯುತ್ತದೆ. ಆ ತುಂಡು ವಾಯರು ಎರಡು ಕೈಗಳನ್ನು ಎಳೆಯುತ್ತದೆ. ಕೈಗಳು ಸೇರಿ ರಿಮ್ಮನ್ನು ಹಿಡಿಯುತ್ತವೆ. ಇಷ್ಟು ಮಂದಿ ಸೇರಿ ಮಾಡುವ ಕೆಲಸದಲ್ಲಿ ನಡುವೆ ಒಂದಿಷ್ಟು ಸೋರಿಹೋಗುವುದು ನಮಗೇನು ಹೊಸತಲ್ಲ. ಮೇಲಾಗಿ ರಬ್ಬರು ಹಳತಾಗಿ ಕಲ್ಲಾಗಿತ್ತು. ಉಗುರು ಊರಿದರೆ ಉಗುರಿಗೇ ನೋವು.

ಆದರೆ ನಿಜವಾದ ಖದೀಮ ರಿಮ್ಮು. ಅದು ಉಕ್ಕಿನದು, ಮೇಲೆ ಕ್ರೋಮು. ಇವತ್ತಿಗೂ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು, ಅಷ್ಟು ಹೊಳಪು. ಆ ನುಣುಪೇ ತೊಂದರೆ. ಒಣಗಿದ್ದಾಗ ಹಿಡಿಯುತ್ತದೆ. ಒದ್ದೆಯಾಯಿತೋ, ಕ್ರೋಮಿನ ಮೇಲೆ ನೀರಿನ ತೆಳು ಪದರ ನಿಂತು ರಬ್ಬರು ಜಾರುತ್ತದೆ. ಚಕ್ರ ಕೆಲವು ಸುತ್ತು ತಿರುಗಬೇಕು, ರಬ್ಬರು ಆ ನೀರನ್ನು ಒರೆಸಿ ತೆಗೆಯಬೇಕು, ಆಮೇಲೆ ಹಿಡಿತ. ಅಷ್ಟರಲ್ಲಿ ಆಕಾಶ ಹೊಸ ನೀರು ಹಾಕಿರುತ್ತದೆ. ಸೈಕಲ್ ಮಾಡುವವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಉಕ್ಕಿನ ರಿಮ್ಮಿಗೆಂದೇ ಚರ್ಮ ಹಚ್ಚಿದ ಬ್ರೇಕ್ ರಬ್ಬರು ಮಾಡಿ ಮಾರುತ್ತಿದ್ದರು. ಇಂಗ್ಲೆಂಡಿನಲ್ಲೂ ಮಳೆ ಬರುತ್ತದೆ, ಒಪ್ಪೋಣ. ಅದು ಆಷಾಢದ ಶಿರಸಿಯ ಮಳೆ ಅಲ್ಲವಲ್ಲ.

ಇದರಿಂದ ನನ್ನ ಹಾಲಿನ ವ್ಯವಹಾರ ಹೇಗೆ ನಡೆಯುತ್ತಿತ್ತು ನೋಡಿ. ಇಳಿಜಾರಿನ ಬುಡದಲ್ಲಿ ಸಾಲಾಗಿ ಹೂವಿನ ಅಂಗಡಿ, ಟೇಲರು, ಹಾಲಿನ ಅಂಗಡಿ, ಜೆರಾಕ್ಸು, ಔಷಧಿ ಅಂಗಡಿ. ಹಾಲು ಬೇಕಿದ್ದರೆ ಹೂವಿನ ಅಂಗಡಿ ಬರುವುದಕ್ಕೆ ಮೊದಲೇ ಬ್ರೇಕ್ ಹಿಡಿಯಬೇಕು. ಜಿಟಿಜಿಟಿ ಮಳೆಯಾದರೆ ಜೆರಾಕ್ಸಿನ ಮುಂದೆ ನಿಲ್ಲುತ್ತಿದ್ದೆ. ಜೋರು ಮಳೆಯಾದರೆ ಔಷಧಿ ಅಂಗಡಿ. ಔಷಧಿ ಅಂಗಡಿಯ ಹುಡುಗ ಮೊದಮೊದಲು, "ಏನು ಬೇಕಿತ್ತು ಸರ್?" ಎಂದು ಎದ್ದು ನಿಲ್ಲುತ್ತಿದ್ದ. ಅವನ ಮುಖ ನೋಡಲಾರದೆ ಒಂದು ಪಟ್ಟಿ ತಲೆನೋವಿನ ಮಾತ್ರೆ ಕೊಂಡದ್ದೂ ಇದೆ. ಹಾಲಿನ ಅಂಗಡಿಯವರು ಜಾಣರು. ಮೇಲಿನ ತಿರುವಿನಲ್ಲಿ ನಾನು ಕಂಡ ಕೂಡಲೇ ಅರ್ಧ ಲೀಟರಿನ ಪ್ಯಾಕೆಟ್ಟು ಹಿಡಿದು, ಛತ್ರಿ ಬಿಡಿಸಿ, ಔಷಧಿ ಅಂಗಡಿ ಕಡೆ ನಡೆಯತೊಡಗುತ್ತಿದ್ದರು. ನಾವಿಬ್ಬರೂ ಸರಿಸುಮಾರು ಒಟ್ಟಿಗೇ ತಲುಪುತ್ತಿದ್ದೆವು.

ಹೀಗೆ ಇಡೀ ಕೇರಿ ನನ್ನ ಬ್ರೇಕಿಗೆ ಹೊಂದಿಕೊಂಡಿದ್ದರೂ, ಬ್ರೇಕ್ ಬದಲಿಸುವುದೆಂದು ಈ ಮಳೆಗಾಲ ಹಟ ಹಿಡಿದೆ. ನಮ್ಮ ಮಾಮೂಲಿ ಸೈಕಲ್ ಶಾಪಿಗೆ ಹೋದೆ.

ಶಾಪಿನ ಯಜಮಾನರಿಗೆ ಬ್ರೇಕ್ ಪರೀಕ್ಷೆ ಮಾಡುವ ಒಂದು ಕ್ರಮವಿದೆ. ಯಾವ ಸೈಕಲ್ಲನ್ನೂ ಅವರು ರಸ್ತೆಯ ಮೇಲೆ ಹೊಡೆದು ನೋಡುವವರಲ್ಲ. ಸೀಟಿನ ಅಡಿಗೆ ಎಡಗೈ ಹಾಕಿ ಹಿಂದಿನ ಚಕ್ರ ಎತ್ತುತ್ತಾರೆ. ಬಲಗೈಯಲ್ಲಿ ಪೆಡಲ್ ತಿರುಗಿಸುತ್ತಾರೆ. ಚಕ್ರ ಭರ್ರನೆ ತಿರುಗುತ್ತದೆ. ಆಗ ಅವರು ಚಕ್ರ ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾರೆ. ಗಾಳಿ ಹಾಕಿಸಲು ಬಂದವರು, ಕೆಲಸವಿಲ್ಲದೆ ಕವಳ ಹಾಕುತ್ತ ಬೆಂಚಿನ ಮೇಲೆ ಕೂತವರು, ಎಲ್ಲರ ಕಣ್ಣೂ ತಮ್ಮ ಮೇಲಿದೆ ಎಂದು ಖಾತ್ರಿಯಾಗುವವರೆಗೆ ಕಾಯುತ್ತಾರೆ. ಯಕ್ಷಗಾನದ ರಾಕ್ಷಸ ವೇಷ ಪರದೆಯ ಹಿಂದೆ ನಿಂತು ಕಾಯುವುದೂ ಹೀಗೇ, ಇಲ್ಲಿ ಚಂಡೆಯೊಂದು ಕಡಿಮೆ. ಆಮೇಲೆ ಪೆಡಲ್ ಬಿಟ್ಟ ಕೈ ನಿಧಾನವಾಗಿ ಹ್ಯಾಂಡಲ್ಲಿಗೆ ಹೋಗುತ್ತದೆ. ಲಿವರ್ ಒತ್ತುತ್ತಾರೆ. ಚಕ್ರ ಟಕ್ಕನೆ ನಿಲ್ಲುತ್ತದೆ.

"ನಿಂತ್ತಾ?"

ನಿಂತಿತು ಎನ್ನಲೇಬೇಕು. ಕಣ್ಣೆದುರೇ ನಿಂತಿದೆಯಲ್ಲ.

ಗಾಳಿಯಲ್ಲಿ ತಿರುಗುವ ಖಾಲಿ ಚಕ್ರವನ್ನು ಒಂದನೇ ಕ್ಲಾಸಿನ ಮಕ್ಕಳೂ ಬೆರಳಲ್ಲಿ ನಿಲ್ಲಿಸುತ್ತಾರೆ. ಇಳಿಜಾರಿನಲ್ಲಿ ನಿಲ್ಲಿಸಬೇಕಾದ್ದು ಚಕ್ರವನ್ನಲ್ಲ. ಚಕ್ರದ ಮೇಲೆ ಕೂತ ನನ್ನನ್ನು, ನನ್ನ ರೇನ್‌ಕೋಟನ್ನು, ಹ್ಯಾಂಡಲ್ಲಿಗೆ ತೂಗಿಬಿಟ್ಟ ಚೀಲದ ಸೌತೆಕಾಯಿಯನ್ನು. ಇದನ್ನೇ ಹೇಳಿದೆ.

"ನಾನು ಕೂತಾಗ ನಿಲ್ಲೋದಿಲ್ಲ ಯಜಮಾನ್ರೆ."

"ನೀವು ಕೂತ್ರೆ ಎತ್ತೂದು ಹೇಗೆ ಹೆಗಡೇರೆ?"

ಬೆಂಚಿನವರು ತಲೆಯಾಡಿಸಿದರು. ನ್ಯಾಯವಾದ ಪ್ರಶ್ನೆ.

"ಮಳೆಯಲ್ಲಿ ಹಿಡಿಯೋದಿಲ್ಲ. ರಿಮ್ಮು ಒದ್ದೆಯಾದ್ರೆ ಜಾರ್ತದೆ" ಎಂದು ವರಸೆ ಬದಲಿಸಿದೆ.

"ಹಾಗೆಂತ ಇಲ್ಲ. ಬ್ರೇಕ್ ಸಮಾ ಇದೆ."

ಮೂಲೆಯಲ್ಲಿ ಪಂಚರ್ ನೋಡುವ ನೀರಿನ ಬೋಗುಣಿ ಇತ್ತು. ಒಂದು ಮಗ್ಗು ನೀರು ತುಂಬಿ ರಿಮ್ಮಿನ ಸುತ್ತ ಹೊಯ್ದೆ. "ಈಗ ಎತ್ತಿ" ಎಂದೆ. ಎತ್ತಿದರು. ತಿರುಗಿಸಿದರು. ಕ್ರಮ ತಪ್ಪದೆ ಎಲ್ಲರ ಮುಖ ನೋಡಿದರು. ಲಿವರ್ ಒತ್ತಿದರು. ಚಕ್ರಕ್ಕೆ ವಿಷಯವೇ ಗೊತ್ತಾಗಲಿಲ್ಲ. ಹಾಯಾಗಿ ಇನ್ನೊಂದಿಷ್ಟು ತಿರುಗಿ, ಯಜಮಾನರ ಲುಂಗಿಗೆ ನೀರು ಸಿಡಿಸಿ, ತನಗೆ ಸಾಕೆನಿಸಿದಾಗ ನಿಂತಿತು. ನಾನು ಮಾತಾಡಲಿಲ್ಲ. ಗೆದ್ದವನು ಮಾತಾಡಬಾರದು.

ಯಜಮಾನರು ಚಕ್ರ ನೋಡಿದರು. ಲುಂಗಿ ನೋಡಿದರು. ನನ್ನನ್ನು ನೋಡಿದರು. "ಅಲ್ಲ ಮಾರಾಯ್ರೆ, ನೀರು ಹಾಕಿದ್ರೆ ಬ್ರೇಕ್ ಹಿಡೀತದಾ?" ಎಂದರು. ಆಮೇಲೆ ಬನಿಯನ್ ವೇಸ್ಟು ತಗೊಂಡು ರಿಮ್ಮನ್ನು ಸುತ್ತಲೂ ಒರೆಸಿದರು. ಕಡ್ಡಿಗಳ ಸಂದಿಯನ್ನೂ ಬಿಡಲಿಲ್ಲ. ಇನ್ನೊಂದು ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿದರು. ಎತ್ತಿದರು, ತಿರುಗಿಸಿದರು, ಮುಖ ನೋಡಿದರು, ಒತ್ತಿದರು. ಟಕ್.

"ನೋಡಿ. ಒರೆಸಿದ್ರ ಮೇಲೆ ಬರೋಬರಿ ಹಿಡೀತದೆ. ಬ್ರೇಕಿಂದು ಎಂತ ತಪ್ಪಿಲ್ಲ."

ಇಳಿಜಾರಿನಲ್ಲಿ ನನ್ನ ಜೊತೆ ಓಡುತ್ತ ಒರೆಸುವವರು ಯಾರು ಎಂದು ಕೇಳಿದೆ. ಮಳೆಯಲ್ಲಿ ಸೈಕಲ್ ಹೊಡೆಯುವವರು ಯಾರು ಎಂದು ಅವರು ಕೇಳಿದರು. ಬೆಂಚಿನಲ್ಲಿದ್ದ ಒಬ್ಬರು ಕವಳ ಉಗಿದು ಬಂದು, "ಛತ್ರಿ ಹಿಡ್ಕಂಡು ಹೊಡೀರಿ, ರಿಮ್ಮು ಒದ್ದೆಯಾಗೂದಿಲ್ಲ" ಎಂದು ದಾರಿ ತೋರಿಸಿದರು. ಒಂದು ಕೈಯಲ್ಲಿ ಛತ್ರಿ ಹಿಡಿದರೆ ಬ್ರೇಕ್ ಹಿಡಿಯಲು ಒಂದೇ ಕೈ ಉಳಿಯುತ್ತದೆ ಎಂದು ನಾನು ವಾದಿಸಲಿಲ್ಲ. ಆ ಶಾಪಿನಲ್ಲಿ ವಾದಕ್ಕೆ ಬೆಲೆಯಿಲ್ಲ. ಎತ್ತಿ ತಿರುಗಿಸಿದ್ದಕ್ಕೆ ಬೆಲೆ.

ಸರಿ, ಸಾಮಾನು ನಾನೇ ತರಿಸುತ್ತೇನೆ, ಕೂರಿಸಿಕೊಡಿ ಎಂದು ಒಪ್ಪಿಸಿದೆ. ತರಿಸಬೇಕಾದ್ದು ಡ್ಯುಯಲ್ ಪಿವಟ್ ಬ್ರೇಕು. 1990ರ ಸುಮಾರಿಗೆ ಶಿಮಾನೊದಂಥ ಕಂಪನಿಗಳು ಬಳಕೆಗೆ ತಂದ ಈ ನಮೂನೆಯಲ್ಲಿ ಎರಡು ಕೈಗಳು ಬೇರೆ ಬೇರೆ ಕೀಲುಗಳ ಮೇಲೆ ತಿರುಗುತ್ತವೆ. ಬೆರಳಿನ ಅಷ್ಟೇ ಒತ್ತಡಕ್ಕೆ ಹಿಡಿತ ಜಾಸ್ತಿ. ಆದರೆ ಹಳೇ ಸೈಕಲ್ಲಿಗೆ ಹೊಸ ಬ್ರೇಕ್ ಸುಮ್ನೆ ಕೂರುವುದಿಲ್ಲ. ಬ್ರೇಕ್ ಕೂರಿಸುವ ತೂತಿನಿಂದ ರಿಮ್ಮಿಗೆ ಎಷ್ಟು ದೂರ ಎಂಬುದು ಮುಖ್ಯ. ಈಗಿನ ರೇಸಿಂಗ್ ಬ್ರೇಕುಗಳ ಕೈ ಗಿಡ್ಡ, ಸುಮಾರು 39ರಿಂದ 49 ಮಿಲಿಮೀಟರು. ಮಗಳ ಕಂಪಾಸ್ ಬಾಕ್ಸಿನ ಸ್ಕೇಲು ಹಿಡಿದು ಅಳೆದರೆ ನನ್ನದು 64 ಬಂತು. ಅಷ್ಟುದ್ದ ಕೈಯ ಬ್ರೇಕುಗಳೂ ಇವೆ. ಟೆಕ್ಟ್ರೋದ ಒಂದು ಮಾಡೆಲ್ 55ರಿಂದ 73ರವರೆಗೆ ಮುಟ್ಟುತ್ತದೆ. ಸಮಾಧಾನವಾಯಿತು.

ಸಮಾಧಾನ ಯಾಕೆಂದರೆ ರಿಮ್ಮೂ ಬದಲಿಸಬೇಕಿತ್ತು. ಖದೀಮನನ್ನು ಅಲ್ಲೇ ಬಿಟ್ಟು ಪೊಲೀಸರನ್ನು ಮಾತ್ರ ಬದಲಿಸಿ ಏನು ಪ್ರಯೋಜನ? ಅಲ್ಯೂಮಿನಿಯಮ್ ರಿಮ್ಮು ಒದ್ದೆಯಾದಾಗಲೂ ಕ್ರೋಮಿಗಿಂತ ಎಷ್ಟೋ ಚೆನ್ನಾಗಿ ಹಿಡಿಯುತ್ತದೆ. ನನ್ನದು ಹಳೇ 27 ಇಂಚಿನ ಚಕ್ರ, ಟಯರು ಕೂರುವ ಕಡೆ ವ್ಯಾಸ 630 ಮಿ.ಮೀ. ಈಗ ಸಿಗುವುದು 700ಸಿ, ಅದು 622. ಅಂದರೆ ರಿಮ್ಮು 4 ಮಿ.ಮೀ. ಕೆಳಗೆ ಹೋಗುತ್ತದೆ. 64ಕ್ಕೆ 4 ಸೇರಿಸಿದರೆ 68, ಇನ್ನೂ 73ರ ಒಳಗೇ. ಈ ಲೆಕ್ಕವನ್ನು ಖುಷಿಯಿಂದ ಭಾವನಿಗೆ ವಿವರಿಸಿದೆ. ಭಾವನದು ಒಂದೇ ಲೆಕ್ಕ. ಜಗತ್ತಿನ ಯಾವ ಖರ್ಚನ್ನೂ ಅವನು ಅಡಿಕೆಗೆ ತಿರುಗಿಸದೆ ಬಿಡುವುದಿಲ್ಲ. "ರಿಮ್ಮು, ಟಯರು, ಕಡ್ಡಿ, ಬ್ರೇಕು. ಒಟ್ಟು ಎಷ್ಟು ಕೆಜಿ ಚಾಲಿ ಆತು?" ಎಂದ. ನಾನು ರೂಪಾಯಿಯಲ್ಲಿ ಹೇಳಿದೆ. ಕಣ್ಣು ಮುಚ್ಚಿ ಭಾಗಾಕಾರ ಮಾಡಿ, "ಇಷ್ಟು ದುಡ್ಡಿಗೆ ಹೊಸಾ ಸೈಕಲ್ಲೇ ಬತ್ತಿತ್ತು" ಎಂದ. ಹಳೇ ಸೈಕಲ್ ಇಟ್ಟುಕೊಂಡವರೆಲ್ಲ ಈ ಮಾತು ಕೇಳಿಯೇ ಇರುತ್ತೀರಿ. ಹಳೇ ಮನೆಗೆ ಹೆಂಚು ಹೊದೆಸುವಾಗ ಇದೇ ಭಾವನಿಗೆ ಹೊಸ ಮನೆಯ ನೆನಪಾಗಲಿಲ್ಲ.

ಪಾರ್ಸೆಲ್ಲು ಬಂತು. ಒಳಗಿನ ಬೋಲ್ಟು ನೋಡಿದರೆ ಗಿಡ್ಡ. ಹಳೇ ಸೈಕಲ್ಲಿನ ಫೋರ್ಕಿನಲ್ಲಿ, ಅಂದರೆ ಮುಂದಿನ ಚಕ್ರ ಹಿಡಿದ ಕವಲಿನಲ್ಲಿ, ಆರು ಮಿಲಿಮೀಟರಿನ ತೂತು ಆಚೆಯಿಂದ ಈಚೆಗೆ ನೇರ ಹೋಗುತ್ತದೆ. ಉದ್ದ ಬೋಲ್ಟು ತೂರಿಸಿ ಹಿಂದೆ ನಟ್ಟು ಬಿಗಿಯುವುದು. ಹೊಸ ಬ್ರೇಕುಗಳದು ಹಾಗಲ್ಲ. ಕೊಳವೆಯಾಕಾರದ ನಟ್ಟು ಫೋರ್ಕಿನ ಒಳಗೇ ಹುದುಗಿ ಕೂರುತ್ತದೆ, ಅದಕ್ಕೆ ಹಿಂಬದಿಯ ತೂತು ಎಂಟು ಮಿಲಿಮೀಟರ್ ಇರಬೇಕು. ಉದ್ದ ಬೋಲ್ಟಿನ ಹಳೇ ನಮೂನೆಯೇ ಬೇಕು ಎಂದು ನಾನು ಆರ್ಡರಿನಲ್ಲಿ ಬರೆದಿದ್ದೆ. ಮಾರಿದವರಿಗೆ ಫೋನ್ ಮಾಡಿದರೆ, "ಎರಡೂ ಒಂದೇ ಸರ್, ಫಿಟ್ ಆಗುತ್ತೆ" ಎಂದರು. ಅವರೂ ಎಲ್ಲೋ ಎತ್ತಿ ತಿರುಗಿಸಿ ನೋಡಿರಬೇಕು.

ಫೋರ್ಕಿನ ಹಿಂಬದಿಯ ತೂತನ್ನು ಮಾತ್ರ ದೊಡ್ಡದು ಮಾಡಿದರೆ ಕೆಲಸ ಆಗುತ್ತದೆ. ಮಾತ್ರ ಎನ್ನುವುದೇ ಇಲ್ಲಿ ಕಷ್ಟದ ವಿಷಯ. ಶಾಪಿನ ಪಕ್ಕದಲ್ಲೇ ವೆಲ್ಡಿಂಗಿನವರಿದ್ದಾರೆ. ಡ್ರಿಲ್ ಮಶಿನ್ನು ಕಂಡರೆ ಅವರಿಗೆ ಬಹಳ ಹುಮ್ಮಸ್ಸು. "ಎರಡೂ ಬದಿ ಹೊಡೆದುಬಿಡುವಾ, ಸಮಾ ಕಾಣ್ತದೆ" ಎಂದು ಮುಂದೆ ಬಂದರು. ಮುಂಬದಿ ದೊಡ್ಡದಾದರೆ ಬ್ರೇಕ್ ಅಲ್ಲಾಡುತ್ತದೆ. ನಾನು ಫೋರ್ಕಿನ ಮುಂಬದಿಗೆ ಅಂಗೈ ಅಡ್ಡ ಇಟ್ಟುಕೊಂಡೇ ನಿಂತೆ. ಡ್ರಿಲ್ಲಿನ ತುದಿ ಆಚೆ ಬಂದರೆ ಮೊದಲು ಗೊತ್ತಾಗುವುದು ನನಗೇ ಎಂದು ಆಮೇಲೆ ಹೊಳೆಯಿತು. ಪುಣ್ಯಕ್ಕೆ ಅವರು ಹಿಂದೆಯೇ ನಿಲ್ಲಿಸಿದರು. ಆ ಡ್ರಿಲ್ಲಿನ ಬ್ರೇಕ್ ಚೆನ್ನಾಗಿತ್ತು.

ವಾಯರಿನ ಕಥೆ ಇನ್ನೊಂದು. ಶಾಪಿನಲ್ಲಿದ್ದ ವಾಯರಿನ ತುದಿಯ ಗುಂಡು ರೇಂಜರ್ ನಮೂನೆಯ ನೆಟ್ಟಗಿನ ಹ್ಯಾಂಡಲ್ಲಿನದು, ಅಡ್ಡ ಉರುಳೆ. ಬಾಗಿದ ಹ್ಯಾಂಡಲ್ಲಿನ ಲಿವರಿಗೆ ಪೇರಳೆ ಆಕಾರದ ಸಣ್ಣ ಗುಂಡು ಬೇಕು. "ಅರ ಹಾಕಿ ಉಜ್ಜಿದ್ರೆ ಕೂರ್ತದೆ" ಎಂದರು ಯಜಮಾನರು. ಬ್ರೇಕ್ ವಾಯರಿನ ಗುಂಡನ್ನು ಉಜ್ಜಿ ಸಣ್ಣದು ಮಾಡಿದರೆ ಅದು ಕಿತ್ತು ಬರುವುದು ಎಲ್ಲಿ? ಜಗುಲಿಯ ಮೇಲಂತೂ ಅಲ್ಲ. ಹೊರಗಿನ ಕವರಿಗೆ ಗೇರಿನ ಕವರನ್ನೇ ಕತ್ತರಿಸಿದರು. "ಕವರ್ ಕವರೇ ಅಲ್ದಾ?" ಅಲ್ಲ. ಬ್ರೇಕಿನ ಕವರಿನೊಳಗೆ ತಂತಿ ಸುರುಳಿ ಸುತ್ತಿರುತ್ತದೆ, ಎಷ್ಟು ಒತ್ತಿದರೂ ತಡೆಯುತ್ತದೆ. ಗೇರಿನ ಕವರಿನಲ್ಲಿ ತಂತಿಗಳು ಉದ್ದಕ್ಕೆ ಮಲಗಿರುತ್ತವೆ. ಬ್ರೇಕಿನ ಒತ್ತಡಕ್ಕೆ ಅದು ಬಿರಿದು ಹೋಗಬಹುದು. ಇದನ್ನು ಹೇಳಿದರೆ, "ನೀವು ಬಹಳ ಓದ್ತೀರಿ" ಎಂದರು. ಹೊಗಳಿಕೆ ಅಲ್ಲ ಅದು.

ಹುಬ್ಬಳ್ಳಿಗೆ ಹೋಗುವವರ ಕೈಯಲ್ಲಿ ಹೇಳಿ ಸರಿಯಾದ ವಾಯರು, ಕವರು ತರಿಸಿದೆ. ಅದನ್ನು ಹಾಕಲು ಹ್ಯಾಂಡಲ್ಲಿನ ಹಳೇ ಟೇಪು ಬಿಚ್ಚಬೇಕಾಯಿತು. ಮಾವ ಸುತ್ತಿದ್ದ ಬಟ್ಟೆಯ ಟೇಪು. ಅಂಟು ಒಣಗಿ ಪುಡಿಪುಡಿಯಾಗಿತ್ತು. ಲಿವರುಗಳನ್ನು ಒರೆಸುವಾಗ ಒಂದು ಸಂಗತಿ ಕಂಡಿತು. ಎಡಗಡೆಯದು ಬೆರಳು ಬೀಳುವಲ್ಲಿ ಸವೆದು ನುಣ್ಣಗಾಗಿದೆ. ಬಲಗಡೆಯದು ಹೊಸತರ ಹಾಗೇ ಇದೆ, ಗೆರೆಗಳೂ ಮಾಸಿಲ್ಲ. ನಮ್ಮಲ್ಲಿ ಎಡಗೈ ಅಂದರೆ ಹಿಂದಿನ ಬ್ರೇಕು, ಬಲಗೈ ಮುಂದಿನದು. ಅಂದರೆ ಮಾವ ಇಡೀ ಆಯುಷ್ಯದಲ್ಲಿ ಮುಂದಿನ ಬ್ರೇಕ್ ಹಿಡಿದದ್ದೇ ಇಲ್ಲ ಎನ್ನಬೇಕು.

ಮುಂದಿನದು ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂದು ನಮಗೆಲ್ಲ ಸೈಕಲ್ ಕಲಿಸುವಾಗಲೇ ಹೇಳಿಕೊಟ್ಟಿದ್ದಾರೆ, ಅಲ್ವಾ? ನಿಜ ನೋಡಿದರೆ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನದೇ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಬೇಗ ಜಾರುತ್ತದೆ. ಪಾಚಿ, ಒದ್ದೆ ಎಲೆ ಇದ್ದಲ್ಲಿ ಮುಂದಿನದನ್ನು ನೋಡಿಕೊಂಡು ಹಿಡಿಯಬೇಕು ಎಂಬುದು ಸರಿ. ಆದರೆ ಡಾಂಬರು ರಸ್ತೆಯಲ್ಲಿ ಕೈ ಗಟ್ಟಿ ಊರಿ, ಮೈ ಸ್ವಲ್ಪ ಹಿಂದಕ್ಕಿಟ್ಟು, ಮೆಲ್ಲಗೆ ಒತ್ತುತ್ತ ಹೋದರೆ ಯಾರೂ ಪಲ್ಟಿ ಹೊಡೆಯುವುದಿಲ್ಲ. ಮಾವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವನು ಇದೇ ಸೈಕಲ್ಲಿನಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುತ್ತಿದ್ದ. ಆ ತಿರುವುಗಳಲ್ಲಿ, ಕ್ರೋಮಿನ ರಿಮ್ಮು, ಬರೀ ಹಿಂದಿನ ಬ್ರೇಕು. ಸಾಲದಿದ್ದರೆ ಚಪ್ಪಲಿಯ ಅಟ್ಟೆಯನ್ನು ಟಯರಿಗೆ ಒತ್ತುತ್ತಿದ್ದನಂತೆ. ಆಯಿ ಹೇಳುವುದು, ಅವನು ಪ್ರತಿ ಮಳೆಗಾಲಕ್ಕೆ ಎರಡು ಜೊತೆ ಚಪ್ಪಲಿ ತಗೊಳ್ಳುತ್ತಿದ್ದ, ಎಡಗಾಲಿನದು ಮಾತ್ರ ಸವೆದಿರುತ್ತಿತ್ತು ಎಂದು. ಈಗ ಕೇಳೋಣವೆಂದರೆ ಮಾವ ಇಲ್ಲ. ಇದ್ದಿದ್ದರೆ ಈ ಬಲಗೈ ಲಿವರನ್ನು ಅವನ ಕೈಯಲ್ಲಿ ಒಮ್ಮೆ ಹಿಡಿಸಿ, ನಮ್ಮ ಇಳಿಜಾರಿನಲ್ಲಿ ಬಿಡಬೇಕು ಎಂದು ಬಹಳ ಆಸೆಯಾಯಿತು. ಬೈಯುತ್ತಿದ್ದ, ಖಂಡಿತ. ಆಮೇಲೆ ಇನ್ನೊಂದು ಸಲ ಹೋಗುತ್ತಿದ್ದ.

ಯಜಮಾನರ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಚಕ್ರ ಕಟ್ಟುವುದರಲ್ಲಿ ಅವರ ಕೈ ಹಿಡಿಯುವವರಿಲ್ಲ. ಹೊಸ ರಿಮ್ಮು, ಹಳೇ ಹಬ್ಬು, ಮೂವತ್ತಾರು ಕಡ್ಡಿ. ನೆಲದ ಮೇಲೆ ಕೂತು, ಬೆಂಚಿನವರ ಜೊತೆ ಪಂಚಾಯತಿ ರಾಜಕೀಯ ಮಾತಾಡುತ್ತಲೇ ಕಡ್ಡಿ ಹೆಣೆದರು. ಬೆರಳಲ್ಲಿ ಒಂದೊಂದನ್ನೇ ಮೀಟಿ, ಸದ್ದು ಕೇಳಿ, ಬಿಗಿದರು. ಎತ್ತಿ ತಿರುಗಿಸಿದರೆ ಕೂದಲೆಳೆಯಷ್ಟೂ ಓಲಾಟವಿಲ್ಲ. ಆ ಎತ್ತಿ ತಿರುಗಿಸುವಿಕೆಗೆ ಮಾತ್ರ ನಾನು ಕೈ ಮುಗಿಯುತ್ತೇನೆ.

ಬ್ರೇಕ್ ಕೂತಿತು. ಹಿಡಿದರೆ ಕೇರಿಯ ನಾಯಿಗಳೆಲ್ಲ ಎದ್ದು ನಿಲ್ಲುವಷ್ಟು ಕಿರುಚಾಟ. ಅದಕ್ಕೆ ಉಪಾಯ ಇದೆ. ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗಬೇಕು, ಹಿಂದಿನ ತುದಿ ಒಂದು ಮಿಲಿಮೀಟರಿನಷ್ಟು ದೂರ ಇರಬೇಕು. ರಬ್ಬರಿನ ಹಿಂದಿನ ತುದಿಗೆ ಒಂದು ದಪ್ಪ ಕಾಗದ ಸಿಕ್ಕಿಸಿ, ಬ್ರೇಕ್ ಹಿಡಿದು, ನಟ್ಟು ಬಿಗಿದು, ಕಾಗದ ಎಳೆದರಾಯಿತು. ಈ ಸೀಸನ್ನಿನ ಮದುವೆ ಕಾಗದಗಳಿಗೆ ದಪ್ಪದ ಕೊರತೆ ಏನಿಲ್ಲ. ಒಂದು ಆಮಂತ್ರಣದ ಮೂಲೆ, ಗಣಪತಿಯ ಚಿತ್ರ ಬಿಟ್ಟು, ಕತ್ತರಿಸಿ ಸಿಕ್ಕಿಸಿದೆ. ಕಿರುಚಾಟ ನಿಂತಿತು. ನಾಯಿಗಳು ಮಲಗಿದವು. ಮದುವೆಯ ದಿನ ಛತ್ರ ಯಾವುದೆಂದು ನೋಡಲು ಹೋದರೆ, ಕತ್ತರಿಸಿದ ಮೂಲೆಯಲ್ಲೇ ಅದು ಇತ್ತು ಎಂಬುದು ಬೇರೆ ವಿಷಯ. ಮನೆಯವಳು ಅದನ್ನು ಇನ್ನೂ ಬಿಟ್ಟಿಲ್ಲ.

ಮಾರನೇ ಬೆಳಿಗ್ಗೆ ಸರಿಯಾದ ಮಳೆ. ಇಳಿಜಾರಿಗೆ ಇಳಿದೆ. ಹೂವಿನ ಅಂಗಡಿ ದಾಟಿತು. ಟೇಲರ ಮುಂದೆ ಬಲಗೈ ಒತ್ತಿದೆ. ಹಾಲಿನ ಅಂಗಡಿಯ ಮೆಟ್ಟಿಲ ಎದುರು, ಬೇಕಾದಲ್ಲಿ ಬೇಕಾದಷ್ಟಕ್ಕೆ ಸೈಕಲ್ ನಿಂತಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವರು ಛತ್ರಿ, ಪ್ಯಾಕೆಟ್ಟು ಹಿಡಿದು ಔಷಧಿ ಅಂಗಡಿಯ ಮುಂದೆ ನಿಂತು ನನ್ನನ್ನು ಹುಡುಕುತ್ತಿದ್ದರು. ನಾನು ಕೂಗಿದೆ. ಅವರು ತಿರುಗಿ ನೋಡಿ, ಅಲ್ಲಿಂದಲೇ, "ಎಂತ ಆಯ್ತು, ಪಂಚರಾ?" ಎಂದರು.

ಇನ್ನು ಹಿಂದಿನ ಚಕ್ರ ಬಾಕಿ ಇದೆ. ಅದರ ರಿಮ್ಮು, ಬ್ರೇಕು ಎಲ್ಲ ಬಂದು ಶಾಪಿನ ಅಟ್ಟದ ಮೇಲೆ ಕೂತಿವೆ. ಅತ್ತ ಹೋದಾಗೆಲ್ಲ ಕೇಳುತ್ತೇನೆ. ಮೊನ್ನೆಯೂ ಕೇಳಿದೆ. ಯಜಮಾನರು ಯಾರದೋ ಸೈಕಲ್ಲು ಎತ್ತಿಕೊಂಡು ನಿಂತಿದ್ದರು. ಚಕ್ರ ತಿರುಗುತ್ತಿತ್ತು. ಸೈಕಲ್ಲಿನ ಹುಡುಗ, ಅವನ ಅಪ್ಪ, ಬೆಂಚಿನವರು ನೋಡುತ್ತಿದ್ದರು.

"ಮಾಡುವಾ ಹೆಗಡೇರೆ, ಎಂತ ಅರ್ಜೆಂಟು? ಈ ಮಳೆಯೊಂದು ಹೋಗ್ಲಿ."

"ಮಳೆಗೇ ಅಲ್ವಾ ಯಜಮಾನ್ರೆ ಬ್ರೇಕ್ ಬೇಕಾಗಿದ್ದು!"

"ಮಳೆ ಹೋದ್ರೆ ಹಳೇದೇ ಹಿಡೀತದಲ್ಲ, ನೋಡುವಾ" ಎಂದು ಲಿವರ್ ಒತ್ತಿದರು.